ಹೆಪ್ಪುಗಟ್ಟುವ ಎಣ್ಣೆ, ಹೆಪ್ಪುಗಟ್ಟದ ಎಣ್ಣೆ

ಹೋದ ಪುಷ್ಯಮಾಸದ ಒಂದು ಬೆಳಿಗ್ಗೆ ನಮ್ಮ ಅಡಿಗೆಮನೆಯ ಕಿಟಕಿಯಲ್ಲಿ ಎರಡು ಸೀಸೆಗಳಿದ್ದುವು. ಹೈದರಾಬಾದಿನ ಚಳಿಗೆ, ಮಂಗಳೂರು ಕಡೆಯವಳಾದ ನಮ್ಮ ಮನೆಯಾಕೆಯ ತೆಂಗಿನೆಣ್ಣೆ ಬೆಣ್ಣೆಯಂತೆ ಹೆಪ್ಪುಗಟ್ಟಿದ್ದಿತು. ಕಲಬುರಗಿಯವರಾದ ನಮ್ಮ ತಾಯಿಯವರ ಕುಸುಬೆ ಎಣ್ಣೆ ಮಾತ್ರ ತೆಳ್ಳಗೇ ಇದ್ದಿತು. ಎದೆನೋವು ಬಂದು ಆಸ್ಪತ್ರೆ ಸೇರಿದ್ದ ತಂದೆಯವರು ಮನೆಗೆ ಮರಳಿ ಹದಿನೈದು ದಿನವಾಗಿತ್ತು. ‘ಗಟ್ಟಿ ಕೊಬ್ಬು ಕಡಿಮೆ ಮಾಡಿರಿ’ ಎಂದಿದ್ದರು ಡಾಕ್ಟರು. ಯಾವ ಎಣ್ಣೆ ಉಳಿಯಬೇಕೆಂದು ಅತ್ತೆ ಸೊಸೆಯರೊಳಗೆ ವಾದ ಎದ್ದಿತು. ಬಿ.ಎ. ಓದಿದ ತಪ್ಪಿಗೆ ತೀರ್ಪಿನ ಭಾರ ನಮ್ಮ ಮೇಲೆ!

ಕೊಬ್ಬಿನಲ್ಲಿರುವುದು ಇಂಗಾಲದ ಉದ್ದನೆಯ ಸರಪಳಿಗಳು. ಕೊಂಡಿ ಕೊಂಡಿಯೂ ಹಿಡಿಸುವಷ್ಟು ಜಲಜನಕವನ್ನು ತುಂಬಿಕೊಂಡಿದ್ದರೆ ಅದು ಸಂತೃಪ್ತ ಕೊಬ್ಬು. ಅಂಥ ಸರಪಳಿಗಳು ನೆಟ್ಟಗಿದ್ದು, ಕಟ್ಟಿಗೆ ಒಟ್ಟಿದಂತೆ ಒತ್ತಾಗಿ ಕೂಡುವುದರಿಂದ ಬೇಗ ಹೆಪ್ಪುಗಟ್ಟುವುವು. ಅಲ್ಲಲ್ಲಿ ಜಲಜನಕದ ಕೊರತೆಯಿದ್ದರೆ ಸರಪಳಿ ಬಾಗುವುದು, ಒತ್ತಾಗಿ ಕೂಡದು, ಅದೇ ಅಸಂತೃಪ್ತ. ತೆಂಗಿನೆಣ್ಣೆಯ 100 ಗ್ರಾಮಿನಲ್ಲಿ ಸುಮಾರು 90 ಗ್ರಾಂ ಸಂತೃಪ್ತ ಕೊಬ್ಬು, ತುಪ್ಪದಲ್ಲಿ 60ಕ್ಕೂ ಮೇಲೆ, ತಾಳೆ ಎಣ್ಣೆಯಲ್ಲಿ ಹೆಚ್ಚು ಕಡಿಮೆ ಅರ್ಧ, ಶೇಂಗಾ ಎಣ್ಣೆಯಲ್ಲಿ ಐದರಲ್ಲೊಂದು ಪಾಲು, ಕುಸುಬೆಯಲ್ಲಿ ಹತ್ತರಲ್ಲೊಂದು. ಸಂತೃಪ್ತ ಕೊಬ್ಬು ಮಿತಿಮೀರಿದರೆ ರಕ್ತದಲ್ಲಿ ಕೆಟ್ಟ ಕೊಲೆಸ್ಟ್ರಾಲು ಏರುವುದು. ಅದರ ಬದಲಿಗೆ ಅಸಂತೃಪ್ತವನ್ನು ತಂದರೆ ಇಳಿಯುವುದು.

ತಾಯಿಯವರು ಗೆದ್ದರು. ಗೆದ್ದ ಸಂಭ್ರಮಕ್ಕೆ ಅಂದೇ ಬಾಣಲೆ ತುಂಬ ಕುಸುಬೆ ಎಣ್ಣೆ ಸುರಿದು ಭಜಿ ಕರಿದರು! ಯಾವ ಎಣ್ಣೆಯಾದರೂ ಗ್ರಾಮಿಗೆ 9 ಕ್ಯಾಲೊರಿಯೇ ಎಂದು ನಾವು ಗೊಣಗಿದ್ದು ಯಾರಿಗೂ ಕೇಳಿಸಲಿಲ್ಲ. 1918ರಲ್ಲಿ ಕೂನೂರಿನಲ್ಲಿ ಹುಟ್ಟಿ, 1958ರಲ್ಲಿ ನಮ್ಮ ಊರಿಗೆ ಬಂದು, ಈಗ ತಾರ್ನಾಕಾದಲ್ಲಿರುವ ರಾಷ್ಟ್ರೀಯ ಪೋಷಣ ಸಂಸ್ಥೆಯವರೂ ಎಣ್ಣೆ ಮಿತವಾಗಿರಲಿ, ಒಂದನ್ನೇ ನೆಚ್ಚಬೇಡಿರಿ ಎನ್ನುತ್ತಾರೆ. ಆದುದರಿಂದ ಶೇಂಗಾ ಎಣ್ಣೆಯೂ ಮನೆಗೆ ಬಂದಿತು. ತೆಂಗಿನೆಣ್ಣೆಗೆ ವಾರಕ್ಕೊಂದು ದಿನದ ಒಗ್ಗರಣೆ ಉಳಿಯಿತು.

ನಿಜವಾದ ಅಪರಾಧಿ ನಾವೇ. ಕಚೇರಿಯಿಂದ ಬರುವಾಗ ತಂದೆಯವರಿಗೆಂದು ಎಷ್ಟೋ ವರ್ಷ ಬೇಕರಿಯ ಪಫ್ ತಂದೆವು. ಅದರ ಪದರ ಪದರವೂ ಗಟ್ಟಿ ಕೊಬ್ಬಿನಿಂದಲೇ ಬಿಡಿಸಿಕೊಂಡುದು. ತೆಳು ಎಣ್ಣೆಗೆ ಜಲಜನಕ ಹಾಯಿಸಿ ವನಸ್ಪತಿ ಮಾಡುವಾಗ, ತುಪ್ಪದ ಕೊಬ್ಬಿಗಿಂತಲೂ ಹೃದಯಕ್ಕೆ ಕೆಟ್ಟದಾದ ಟ್ರಾನ್ಸ್ ಕೊಬ್ಬು ಹುಟ್ಟಬಹುದು. 2022ರ ಜನವರಿಯಿಂದ ಸರಕಾರ ಅದಕ್ಕೆ ಶೇಕಡ 2ರ ಮಿತಿ ಹಾಕಿದೆ, ಸರಿ. ಸಂತೃಪ್ತ ಕೊಬ್ಬು ಅಲ್ಲಿಯೇ ಇದೆ. ಈಗ ಪಫ್ಪಿನ ಬದಲು ಹುರಿದ ಶೇಂಗಾ ತರುತ್ತೇವೆ, ಒಂದು ಹಿಡಿ.

ಯುಗಾದಿಯ ಹೋಳಿಗೆಗೆ ಒಂದು ಚಮಚ ತುಪ್ಪವೆಂದು ಒಪ್ಪಂದವಾಗಿದೆ. ಅದು ಚಹದ ಚಮಚವೋ ಬಡಿಸುವ ಚಮಚವೋ ಎಂಬುದನ್ನು ತಂದೆಯವರು ಇನ್ನೂ ಇತ್ಯರ್ಥಕ್ಕೆ ಬಿಟ್ಟಿಲ್ಲ.