ಇಲಿಯ ನಾಲಿಗೆ ಹೇಳುವ ಸಿಹಿ-ಕಹಿ

ಅರಕಲಗೂಡಿನ ಕಡೆ ಭತ್ತದ ಗದ್ದೆ, ರಾಗಿ ಹೊಲ ಇರುವವರಿಗೆ ಇಲಿಯ ಜಾಣತನವನ್ನು ಹೇಳಿಕೊಡಬೇಕಾಗಿಲ್ಲ. 96 ಭಾಗ ಕಾಳು, 2 ಭಾಗ ಎಣ್ಣೆ, 2 ಭಾಗ ಸತುವಿನ ಫಾಸ್ಫೈಡ್ ಬೆರೆಸಿ ಬಿಲದ ಬಳಿ ಇಡುವ ಮೊದಲು ಎರಡು ಮೂರು ದಿನ ವಿಷವಿಲ್ಲದ ಕಾಳನ್ನೇ ಇಡಿ ಎಂದು ಕೃಷಿ ತಜ್ಞರು ಹೇಳುತ್ತಾರೆ. ಸ್ವಲ್ಪ ತಿಂದು ಬದುಕಿಕೊಂಡ ಇಲಿ ಆ ರುಚಿಯನ್ನು ಮತ್ತೆ ಮುಟ್ಟುವುದಿಲ್ಲ. ಇದು ಮಿದುಳು ಕಲಿತ ಪಾಠ. ಆದರೆ ಕಲಿಯುವ ಮೊದಲೇ, ಹುಟ್ಟಿನಿಂದಲೇ ಇಲಿಗೆ ಕೆಲವು ಸಿಹಿ, ಕೆಲವು ಕಹಿ. ಇದನ್ನು ಗೊತ್ತುಮಾಡುವವರು ಯಾರು?

ಉತ್ತರ ದೊರೆತದ್ದು ಪ್ರಯೋಗಾಲಯದ ಚಿಟ್ಟಿಲಿಗಳಿಂದ. ಒಂದು ತಳಿಯ ಇಲಿಗಳು ಸ್ಯಾಕರಿನ್ ಬೆರೆತ ನೀರನ್ನು ಆಸೆಯಿಂದ ಕುಡಿಯುತ್ತವೆ, ಇನ್ನೊಂದು ತಳಿಯವಕ್ಕೆ ಅದರಲ್ಲಿ ಅಷ್ಟೇನೂ ಒಲವಿಲ್ಲ. ಈ ವ್ಯತ್ಯಾಸ ವಂಶವಾಹಿಯದೆಂದು 1974ರಲ್ಲಿಯೇ ತಿಳಿದಿತ್ತು. ಆ ಜೀನ್ ಯಾವುದೆಂದು ಗೊತ್ತಾದದ್ದು 2001ರಲ್ಲಿ. ಅದು ಟಿ1ಆರ್3 ಎಂಬ ಗ್ರಾಹಕ ಪ್ರೊಟೀನಿನ ಜೀನ್. ಈ ಪ್ರೊಟೀನು ಟಿ1ಆರ್2ರೊಡನೆ ಜೊತೆಯಾದರೆ ಸಿಹಿಯ ಗ್ರಾಹಕ. ಟಿ1ಆರ್1ರೊಡನೆ ಸೇರಿದರೆ ಅಜಿನೊಮೊಟೊದಂಥ ರುಚಿಯ ಗ್ರಾಹಕ. ಕಹಿಗೆ ಬೇರೆಯೇ ಕುಟುಂಬವಿದೆ: ಮನುಷ್ಯನಲ್ಲಿ ಸುಮಾರು 25, ಚಿಟ್ಟಿಲಿಯಲ್ಲಿ ಸುಮಾರು 35 ಜೀನ್‌ಗಳು.

ನಾಲಿಗೆಯ ಒಂದೊಂದು ರುಚಿಮೊಗ್ಗಿನಲ್ಲೂ 50ರಿಂದ 100 ಕೋಶಗಳಿರುತ್ತವೆ. ಸಿಹಿಯ ಕೋಶವೇ ಬೇರೆ, ಕಹಿಯ ಕೋಶವೇ ಬೇರೆ. ಸಕ್ಕರೆಯ ಅಣು ಗ್ರಾಹಕಕ್ಕೆ ಅಂಟಿಕೊಂಡರೆ ಕೋಶದೊಳಗೆ ಕ್ಯಾಲ್ಸಿಯಂ ಏರುತ್ತದೆ, ಟಿಆರ್‌ಪಿಎಂ5 ಎಂಬ ಬಾಗಿಲು ತೆರೆದು ಸೋಡಿಯಂ ಅಯಾನುಗಳು ಒಳನುಗ್ಗುತ್ತವೆ, ಕೋಶ ಎಟಿಪಿಯನ್ನು ಹೊರಹಾಕಿ ನರಕ್ಕೆ ಸುದ್ದಿ ಮುಟ್ಟಿಸುತ್ತದೆ. ಕಹಿಯ ಕೋಶದಲ್ಲೂ ಹೆಚ್ಚುಕಡಿಮೆ ಇದೇ ಸರಣಿ.

ಹಾಗಿದ್ದರೆ ಸಿಹಿ ಇರುವುದು ಸಕ್ಕರೆಯಲ್ಲೋ, ಕೋಶದಲ್ಲೋ? ಚಾರ್ಲ್ಸ್ ಝುಕರ್, ನಿಕೊಲಸ್ ರೈಬಾ ಮತ್ತು ಸಂಗಡಿಗರು ಈ ಪ್ರಶ್ನೆಯನ್ನು ನೇರವಾಗಿ ಇಲಿಗೇ ಕೇಳಿದರು. ನಮಗೆ ಸಿಹಿಯಾದ ಆಸ್ಪರ್ಟೇಮ್ ಚಿಟ್ಟಿಲಿಗೆ ಸಪ್ಪೆ. ಮನುಷ್ಯನ ಟಿ1ಆರ್2 ಜೀನನ್ನು ಅದಕ್ಕೆ ಸೇರಿಸಿದಾಗ (2003) ಅದೂ ಆಸ್ಪರ್ಟೇಮ್ ನೀರಿಗೆ ಬಾಯಿಹಾಕತೊಡಗಿತು! 2005ರ ಪ್ರಯೋಗ ಇನ್ನೂ ಸೊಗಸು. ಮನುಷ್ಯನ ಒಂದು ಕಹಿ ಗ್ರಾಹಕವನ್ನು ಇಲಿಯ ಕಹಿ ಕೋಶಗಳಲ್ಲಿ ಇರಿಸಿದಾಗ, ಆ ಗ್ರಾಹಕ ಗುರುತಿಸುವ ಕಹಿ ವಸ್ತುವನ್ನು ಇಲಿ ದೂರವಿಟ್ಟಿತು. ಅದೇ ಗ್ರಾಹಕವನ್ನು ಸಿಹಿ ಕೋಶಗಳಲ್ಲಿ ಇರಿಸಿದಾಗ ಅದೇ ವಸ್ತುವನ್ನು ಚಪ್ಪರಿಸಿ ಕುಡಿಯಿತು. ಭೌತವಿಜ್ಞಾನದ ಮೇಷ್ಟರಾದ ನನಗೆ ಇದು ಮನೆಯ ಕರೆಗಂಟೆಯಂತೆ ಕಾಣುತ್ತದೆ: ಗುಂಡಿ ಯಾವುದೇ ಇರಲಿ, ತಂತಿ ಎಲ್ಲಿಗೆ ಹೋಗಿದೆಯೋ ಅಲ್ಲಿಯ ಗಂಟೆಯೇ ಬಾರಿಸುವುದು. ಇನ್ನೊಂದು ಅಚ್ಚರಿಯೆಂದರೆ, ಈ ಕೋಶಗಳಲ್ಲಿ ಹೆಚ್ಚಿನವು ಹತ್ತು ದಿನದಾಚೆ ಬಾಳುವುದಿಲ್ಲ. ಹೊಸತಾಗಿ ಹುಟ್ಟಿದ ಕೋಶ ತನ್ನ ಸರಿಯಾದ ನರವನ್ನು ಪ್ರತಿಸಲವೂ ಹುಡುಕಿಕೊಳ್ಳಬೇಕು.

ಬೆಕ್ಕಿನ ಟಿ1ಆರ್2 ಜೀನ್ ಕೆಟ್ಟುಹೋಗಿದೆಯೆಂದು 2005ರಲ್ಲಿ ತಿಳಿಯಿತು. ಪಾಯಸದ ಸಿಹಿ ಅದಕ್ಕೆ ಗೊತ್ತೇ ಆಗುವುದಿಲ್ಲ.

ಈ ವ್ಯತ್ಯಾಸದಿಂದ ಉಪಯೋಗವೂ ಉಂಟು. ಡೆನಟೋನಿಯಂ ಎಂಬುದು ನಮಗೆ ತಿಳಿದಿರುವ ಅತ್ಯಂತ ಕಹಿ ವಸ್ತುಗಳಲ್ಲೊಂದು. ಅಂಗಡಿಯಲ್ಲಿ ಸಿಗುವ ಹಲವು ಇಲಿವಿಷದ ಬಿಲ್ಲೆಗಳಿಗೆ ಅದನ್ನು ಹತ್ತು ಲಕ್ಷಕ್ಕೆ ಹತ್ತು ಭಾಗದಷ್ಟು ಬೆರೆಸುತ್ತಾರೆ. ಮಗು ಬಾಯಿಗಿಟ್ಟರೆ ಥೂ ಎಂದು ಉಗುಳೀತು. ಇಲಿಯ ಕಹಿ ಗ್ರಾಹಕಗಳಿಗೆ ಅಷ್ಟು ಕಡಿಮೆ ಪ್ರಮಾಣ ಹೆಚ್ಚೇನೂ ತಟ್ಟುವುದಿಲ್ಲ. ಡೆನಟೋನಿಯಂ ವಿಷಕ್ಕೆ ಮದ್ದಲ್ಲ, ಉಗುಳಿಸುವುದಷ್ಟೇ ಅದರ ಕೆಲಸ. ಮನೆಯಲ್ಲೇ ಕಲಸಿದ ಸತುವಿನ ಫಾಸ್ಫೈಡ್ ಕಾಳಿನಲ್ಲಿ ಆ ಕಾವಲೂ ಇರುವುದಿಲ್ಲ.