ಹಟ್ ಕಣಿವೆಗೆ ಬೆಂಗಳೂರಿನಿಂದ ಎಷ್ಟು ದೂರ, ಎಷ್ಟು ಹೊತ್ತು?



ಊರಿನಿಂದ ತಂದೆತಾಯಿಯರನ್ನು ಲೋವರ್ ಹಟ್‌ಗೆ ಕರೆಸಿಕೊಳ್ಳುವಾಗ ನಾವು ಟಿಕೆಟಿನ ದರವನ್ನೂ ಪ್ರಯಾಣದ ಅವಧಿಯನ್ನೂ ವಿಚಾರಿಸುತ್ತೇವೆ. ಆದರೆ ಅವಧಿಯೆಂಬುದು ಒಂದೇ ಲೆಕ್ಕವಲ್ಲ. ದೂರ, ಕುಳಿತಿರುವ ಹೊತ್ತು, ಗಡಿಯಾರದ ಅಂತರ, ಈ ಮೂರನ್ನೂ ಬೇರೆಬೇರೆಯಾಗಿ ಎಣಿಸಬೇಕೆಂಬುದು ವೈದ್ಯರಾದ ನಮ್ಮ ಅರಿಕೆ.

ಮೊದಲು ದೂರ. ಭೂಗೋಳದ ಮೇಲೆ ದಾರವಿಟ್ಟು ಅಳೆದರೆ ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದಿಂದ ವೆಲಿಂಗ್ಟನ್ ನಿಲ್ದಾಣಕ್ಕೆ ಸುಮಾರು 11,550 ಕಿ.ಮೀ. ಗಂಟೆಗೆ 900 ಕಿ.ಮೀ. ವೇಗದಲ್ಲಿ ನೇರವಾಗಿ ಹಾರಿದರೆ 13 ಗಂಟೆ ಸಾಕು. ಆದರೆ ಅಂತಹ ನೇರ ವಿಮಾನವಿಲ್ಲ. ವೆಲಿಂಗ್ಟನ್ನಿನ ರನ್‌ವೇ ಎರಡು ತುದಿಗಳಲ್ಲೂ ಕಡಲಿಗೆ ತಾಗಿದ್ದು, ಅದರ ಉದ್ದ ಸುಮಾರು 2 ಕಿ.ಮೀ. ಮಾತ್ರ; ಇಂಧನ ತುಂಬಿದ ಭಾರಿ ವಿಮಾನಗಳ ದೂರಯಾನಕ್ಕೆ ಅದು ಸಾಲದು. ಸಿಂಗಪುರ, ಆಕ್ಲೆಂಡ್‌ಗಳ ಮೂಲಕ ಬಂದರೆ 3,180, 8,400 ಮತ್ತು 480 ಕಿ.ಮೀ.ಗಳ ಮೂರು ಹಾರಾಟಗಳಾಗುತ್ತವೆ. ದೂರದಲ್ಲಿ ಹೆಚ್ಚುವುದು ಸುಮಾರು 500 ಕಿ.ಮೀ. ಅಷ್ಟೆ. ಆದರೆ ಹಾರಾಟವೇ 16 ಗಂಟೆಯಷ್ಟಾಗಿ, ಕಾಯುವ ಹೊತ್ತೂ ಸೇರಿದರೆ ಒಂದು ಹಗಲು ಒಂದು ರಾತ್ರಿ ಕಳೆಯುವುದು ಸಾಮಾನ್ಯ.

ಎರಡನೆಯದು ಕುಳಿತಿರುವ ಹೊತ್ತು. ಇದರಲ್ಲಿ ಸಿಂಗಪುರದಿಂದ ಆಕ್ಲೆಂಡ್‌ವರೆಗಿನ ಸುಮಾರು ಹತ್ತು ಗಂಟೆಗಳೇ ಮುಖ್ಯ. ಕಾಲು ಮಡಿಸಿ ಕುಳಿತೇ ಇದ್ದರೆ ಮೀನಖಂಡದ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟಬಹುದು. ಆ ಹೆಪ್ಪು ಶ್ವಾಸಕೋಶಕ್ಕೆ ಸಾಗಿದರೆ ಪ್ರಾಣಾಪಾಯ. ವೆಲಿಂಗ್ಟನ್ನಿನ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೂರಯಾನ ಮಾಡಿದ 878 ಮಂದಿಯ ಪೈಕಿ 9 ಮಂದಿಗೆ ಹೀಗಾಗಿತ್ತು. ಹೆದರಬೇಕಾಗಿಲ್ಲ, ಎಚ್ಚರ ಬೇಕು. ಗಂಟೆಗೊಮ್ಮೆ ಪಾದಗಳನ್ನು ಆಡಿಸಬೇಕು, ಆಗಾಗ ಎದ್ದು ನಡೆಯಬೇಕು, ನೀರು ಕುಡಿಯಬೇಕು. ನಮ್ಮ ಹಿರಿಯರಲ್ಲಿ ಅನೇಕರು ಭಾಷೆಯ ತೊಡಕಿನಿಂದಾಗಿ ಗಾಲಿಕುರ್ಚಿಯ ನೆರವು ಕೋರುತ್ತಾರೆ. ಅಂಥವರು ಸಿಂಗಪುರದಲ್ಲಿಯೂ ಕುಳಿತೇ ಇರುತ್ತಾರೆ. ನಡೆಯಬಲ್ಲವರು ಅಲ್ಲಿ ನಡೆಯಲಿ.

ಮೂರನೆಯದು ಗಡಿಯಾರ. ನ್ಯೂಜಿಲೆಂಡ್ ಭಾರತಕ್ಕಿಂತ ಆರೂವರೆ ಗಂಟೆ ಮುಂದಿದೆ. ಸೆಪ್ಟೆಂಬರ್ ಕೊನೆಯಿಂದ ಏಪ್ರಿಲ್ ಮೊದಲ ವಾರದವರೆಗೆ ಏಳೂವರೆ ಗಂಟೆ. ಇಲ್ಲಿಗೆ ಬರುವವರ ದಿನ ಅಷ್ಟು ಮೊಟಕಾಗುತ್ತದೆ. ಮಧುಮೇಹಿಗಳಿಗೆ ಇದು ಸಣ್ಣ ಸಂಗತಿಯಲ್ಲ. ಬೆಂಗಳೂರಿನ ಗಡಿಯಾರದಂತೆ ರಾತ್ರಿ 8ಕ್ಕೆ ಇನ್ಸುಲಿನ್ ಚುಚ್ಚಿಕೊಂಡವರು ಬೇಸಿಗೆಯಲ್ಲಿ ಇಲ್ಲಿಳಿದು, ನಮ್ಮ ಬೆಳಗಿನ 8ಕ್ಕೆ ಮತ್ತೆ ಚುಚ್ಚಿಕೊಂಡರೆ ನಡುವಿನ ಅಂತರ ಹನ್ನೆರಡು ಗಂಟೆಯಲ್ಲ, ನಾಲ್ಕೂವರೆ ಗಂಟೆ ಮಾತ್ರ! ರಕ್ತದ ಸಕ್ಕರೆ ಅಪಾಯಕರವಾಗಿ ಇಳಿಯಬಹುದು. ಆಗ ಕಾಣುವ ಬೆವರು, ನಡುಕ, ಮಂಕುತನಗಳನ್ನು ಮನೆಯವರು ಪ್ರಯಾಣದ ಆಯಾಸವೆಂದೇ ಭಾವಿಸುವ ಸಂಭವವುಂಟು.

ಆದಕಾರಣ ಹೊರಡುವ ಮುನ್ನ ಊರಿನ ವೈದ್ಯರಿಂದ ಔಷಧಗಳ ಸರದಿಯನ್ನು ಗಂಟೆಗಳ ಅಂತರದಲ್ಲಿ ಬರೆಸಿಕೊಳ್ಳಬೇಕು. ಇಲ್ಲಿ ಮನೆ ಸೇರುವವರೆಗೆ ಕೈಗಡಿಯಾರ ಬೆಂಗಳೂರಿನ ಸಮಯವನ್ನೇ ತೋರಿಸಲಿ. ಔಷಧಗಳು ಕೈಚೀಲದಲ್ಲಿರಲಿ, ಸಾಮಾನಿನ ಒಡಲಿನ ಚಳಿಗೆ ಇನ್ಸುಲಿನ್ ಹೆಪ್ಪುಗಟ್ಟಿ ಕೆಡಬಹುದು. ಟಿಕೆಟ್ ಕೊಳ್ಳುವಾಗ ಒಂದು ಗಂಟೆ ಉಳಿಸುವುದಕ್ಕಿಂತ, ನಡುವೆ ನಡೆದಾಡಲು ಮೂರು ಗಂಟೆ ಬಿಡುವಿರುವ ಮಾರ್ಗವನ್ನು ಹಿರಿಯರಿಗಾಗಿ ಆರಿಸುವುದು ಲೇಸು.