ಮನಶ್ಶಾಸ್ತ್ರ ಓದಬೇಕೆಂದಿರುವಿರಾ?

ಸಂಘದ ಕಾರ್ಯಕ್ರಮಗಳಲ್ಲಿ ಹನ್ನೆರಡನೆಯ ತರಗತಿ ಮುಗಿಸಿದ ಹುಡುಗ ಹುಡುಗಿಯರು ಸಿಕ್ಕಿದರೆ "ಮುಂದೇನು?" ಎಂದು ಕೇಳುವುದು ನಮ್ಮ ಹಿರಿಯರ ಹಳೆಯ ಚಾಳಿ. ಒಂದು ಕಾಲಕ್ಕೆ ಇದಕ್ಕೆ ಇಂಜಿನಿಯರಿಂಗ್, ಇಲ್ಲವೇ ಸಿ.ಎ. ಎಂಬ ಎರಡೇ ಉತ್ತರಗಳಿದ್ದವು. ಈಚೆಗೆ ಮೂರನೆಯದೊಂದು ಆಗಾಗ ಕಿವಿಗೆ ಬೀಳುತ್ತಿದೆ: "ಸೈಕಾಲಜಿ, ಆಂಟಿ." ಕೇಳಿದವರ ಮುಖ ಕ್ಷಣಕಾಲ ಸಣ್ಣಗಾಗುತ್ತದೆ. "ಅಂದರೆ ಹುಚ್ಚರ ಡಾಕ್ಟರಾ?" ಎಂದು ಯಾರೋ ಕೇಳುತ್ತಾರೆ. "ಹಾಗಾದರೆ ನನ್ನ ಮನಸ್ಸಿನಲ್ಲೇನಿದೆ ಹೇಳು ನೋಡೋಣ" ಎಂದು ಇನ್ನೊಬ್ಬರು ನಗುತ್ತಾರೆ. ಈ ಎರಡು ಪ್ರಶ್ನೆಗಳಿಗೂ ತಾಳ್ಮೆಯಿಂದ ಉತ್ತರ ಹೇಳುವುದನ್ನು ಈಗಲೇ ಕಲಿತುಕೊಳ್ಳಿ. ಮುಂದಿನ ಮೂವತ್ತು ವರ್ಷ ಅವು ನಿಮ್ಮನ್ನು ಬಿಡುವುದಿಲ್ಲ.

ಮೊದಲು ಹೆಸರುಗಳ ಗೊಂದಲ ಬಗೆಹರಿಸೋಣ. ಎಂ.ಬಿ.ಬಿ.ಎಸ್. ಮುಗಿಸಿ ಮೇಲೆ ಎಂ.ಡಿ. ಮಾಡಿದವರು ಸೈಕಿಯಾಟ್ರಿಸ್ಟ್, ಅಂದರೆ ಮನೋವೈದ್ಯರು. ಔಷಧಿಯ ಚೀಟಿ ಬರೆಯುವವರು ಅವರು. ವೈದ್ಯಕೀಯ ಓದದೆ ಮನಶ್ಶಾಸ್ತ್ರವನ್ನೇ ಬಿ.ಎ., ಎಂ.ಎ. ಎಂದು ಓದುತ್ತ ಹೋಗಿ, ಆ ಮೇಲೆ ಆಸ್ಪತ್ರೆಯಲ್ಲಿ ತರಬೇತಿ ಪಡೆದವರು ಕ್ಲಿನಿಕಲ್ ಸೈಕಾಲಜಿಸ್ಟ್. ಇವರ ಕೈಯಲ್ಲಿರುವುದು ಪರೀಕ್ಷೆ ಮತ್ತು ಮಾತಿನ ಚಿಕಿತ್ಸೆ. ಇನ್ನು ಕೌನ್ಸೆಲರ್ ಎಂಬ ಹೆಸರು ನಮ್ಮ ದೇಶದಲ್ಲಿ ಬಹಳ ಸಡಿಲವಾಗಿ ಬಳಕೆಯಾಗಿದೆ. ಎರಡು ವರ್ಷ ಶ್ರದ್ಧೆಯಿಂದ ಓದಿದವರೂ ಹಾಗೆ ಬೋರ್ಡು ಹಾಕಿಕೊಳ್ಳುತ್ತಾರೆ, ಆರು ವಾರದ ಸರ್ಟಿಫಿಕೇಟ್ ಪಡೆದವರೂ ಹಾಕಿಕೊಳ್ಳುತ್ತಾರೆ. ಬೋರ್ಡು ನೋಡಿ ಬಂದವರ ಪಾಡೇನು ಎಂಬುದೇ ಇಲ್ಲಿಯ ದೊಡ್ಡ ಪ್ರಶ್ನೆ. 'ಕ್ಲಿನಿಕಲ್ ಸೈಕಾಲಜಿಸ್ಟ್' ಎಂಬ ಹೆಸರಿಗೆ ಮಾತ್ರ ಕಾನೂನಿನ ಕಾವಲಿದೆ. 1992ರ ಕಾಯಿದೆಯ ಪ್ರಕಾರ ರಚಿತವಾದ ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್.ಸಿ.ಐ., ಒಪ್ಪಿದ ಕೋರ್ಸನ್ನೇ ಮಾಡಿರಬೇಕು. 2017ರ ಮಾನಸಿಕ ಆರೋಗ್ಯ ಕಾಯಿದೆಯೂ ಇದನ್ನೇ ಹೇಳುತ್ತದೆ.

ಎಂ.ಎ. ತರಗತಿಗೆ ಸೇರಿದ ಹುಡುಗರಿಗೆ ಮೊದಲು ಕಾದಿರುವ ಆಶ್ಚರ್ಯ ಫ್ರಾಯ್ಡ್ ಅಲ್ಲ, ಸ್ಟಾಟಿಸ್ಟಿಕ್ಸ್. ಲೆಕ್ಕ ತಪ್ಪಿಸಿಕೊಳ್ಳಲೆಂದು ಆರ್ಟ್ಸ್ ಹಿಡಿದವರಿಗೆ ಇದು ಸಾಕಷ್ಟು ದೊಡ್ಡ ಪೆಟ್ಟು. ಸರಾಸರಿ, ವಿಚಲನೆ, ಟಿ ಟೆಸ್ಟ್, ಅನೋವಾ ಎಂದು ಶುರುವಾಗಿ ಸೈಕೋಮೆಟ್ರಿಕ್ಸ್ ಎಂಬ ಪತ್ರಿಕೆಗೆ ಬಂದು ನಿಲ್ಲುತ್ತದೆ. ಆದರೆ ಇದು ಸುಮ್ಮನೆ ಹೇರಿದ ಹೊರೆಯಲ್ಲ. ಒಂದು ಮಗುವಿನ ಬುದ್ಧಿಮತ್ತೆಯನ್ನು ಅಳೆದು 68 ಎಂದು ಬರೆದಿರಿ ಎನ್ನಿ. ಆ ಅಂಕಿಯ ಮೇಲೆ ಮಗುವಿನ ಶಾಲೆ, ಅಂಗವಿಕಲರ ಪ್ರಮಾಣಪತ್ರ, ತಂದೆತಾಯಿಯ ನಿದ್ದೆ ಎಲ್ಲವೂ ನಿಂತಿವೆ. ನಾಳೆ ಇನ್ನೊಬ್ಬರು ಅಳೆದರೆ 74 ಬರಬಹುದೇ? ಬಂದರೆ ಯಾವುದನ್ನು ನಂಬಬೇಕು? ಪರೀಕ್ಷೆಯನ್ನು ಮೊದಲು ಯಾವ ಊರಿನ, ಯಾವ ಭಾಷೆಯ ಮಕ್ಕಳ ಮೇಲೆ ಪ್ರಯೋಗಿಸಿದ್ದರು? ಇದಕ್ಕೆ ಉತ್ತರ ಹೇಳಬಲ್ಲವರು ಸ್ಟಾಟಿಸ್ಟಿಕ್ಸ್ ಓದಿದವರೇ. ಪ್ರಾಕ್ಟಿಕಲ್ ತರಗತಿಗಳ ಕಥೆ ಬೇರೆ. ಗೆಳೆಯರನ್ನು, ತಮ್ಮ ತಂಗಿಯರನ್ನು ಹಿಡಿದು ಕೂರಿಸಿ ಅರ್ಥವಿಲ್ಲದ ಅಕ್ಷರಗಳನ್ನು ಬಾಯಿಪಾಠ ಮಾಡಿಸುವುದು, ಸಮನಾದ ಎರಡು ಗೆರೆಗಳಲ್ಲಿ ಯಾವುದು ಉದ್ದ ಎಂದು ಕೇಳುವುದು, ರಾತ್ರಿ ಕೂತು ಜರ್ನಲ್ ಬರೆಯುವುದು. ಅದು ಹೇಗೋ ಸಾಗುತ್ತದೆ.

ಭಾಷೆಯ ಮಾತು ಬಂದುದರಿಂದ ಒಂದಿಷ್ಟು ಹಿಂದಕ್ಕೆ ಹೋಗೋಣ. ಈ ಶಾಸ್ತ್ರ ನಮಗೆ ಹೊಸದೇನಲ್ಲ. ಕಲ್ಕತ್ತಾ ವಿಶ್ವವಿದ್ಯಾನಿಲಯದಲ್ಲಿ 1916ರಲ್ಲಿ ಮನಶ್ಶಾಸ್ತ್ರ ವಿಭಾಗ ಶುರುವಾದರೆ, ಮೈಸೂರಿನಲ್ಲಿ 1924ರಲ್ಲೇ ಶುರುವಾಯಿತು. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಸ್ಪಿಯರ್‌ಮನ್ ಅವರ ಬಳಿ ಕಲಿತು ಬಂದವರು. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ 'ಆಕಾಶವಾಣಿ' ಎಂಬ ರೇಡಿಯೋ ಕೇಂದ್ರ ನಡೆಸಿದವರೂ ಇವರೇ. (ಇವರನ್ನು ಎಂ.ವಿ. ಗೋವಿಂದಸ್ವಾಮಿಯವರೊಂದಿಗೆ ಬೆರೆಸಬೇಡಿ. ಗೋವಿಂದಸ್ವಾಮಿಯವರು ಮನೋವೈದ್ಯರು, 1954ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯ ಮೊದಲ ನಿರ್ದೇಶಕರು. ಆ ಸಂಸ್ಥೆಯೇ ಮುಂದೆ 1974ರಲ್ಲಿ ನಿಮ್ಹಾನ್ಸ್ ಆಯಿತು.) ಮುಂಬಯಿ, ಪುಣೆಗಳ ಓದುಗರಿಗೆ ಹತ್ತಿರವಾದ ಇನ್ನೊಂದು ಹೆಸರು ವಿ.ವಿ. ಕಾಮತ್. ಫ್ರಾನ್ಸಿನ ಬಿನೆ ರಚಿಸಿದ ಬುದ್ಧಿ ಪರೀಕ್ಷೆಯನ್ನು ಅವರು 1930ರ ದಶಕದಲ್ಲಿ ಧಾರವಾಡ ಭಾಗದ ಮಕ್ಕಳಿಗಾಗಿ ಕನ್ನಡ ಮತ್ತು ಮರಾಠಿ ಎರಡರಲ್ಲೂ ಹೊಂದಿಸಿದರು. ಬಿನೆ-ಕಾಮತ್ ಎಂಬ ಆ ಪರೀಕ್ಷೆಯ ಹೆಸರನ್ನು ನೀವು ಓದಿನಲ್ಲೂ ಕೇಳುತ್ತೀರಿ, ಆಸ್ಪತ್ರೆಗಳಲ್ಲೂ ಕೇಳುತ್ತೀರಿ.

ಮನೆಯಲ್ಲಿ ಅಮ್ಮ ಓದಿದ ಕಾದಂಬರಿಗಳ ಕಟ್ಟಿದ್ದರೆ ಅದರಲ್ಲಿ ತ್ರಿವೇಣಿಯವರ 'ಶರಪಂಜರ'ವನ್ನು ಹುಡುಕಿ. ತ್ರಿವೇಣಿ ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿದವರು. ಬಾಣಂತನದ ನಂತರ ಮನಸ್ಸು ಕೆಟ್ಟು, ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಮರಳಿದ ಹೆಂಗಸನ್ನು ಸುತ್ತಲಿನವರು ಹೇಗೆ ನೋಡುತ್ತಾರೆ ಎಂಬುದನ್ನು ಪಠ್ಯಪುಸ್ತಕದ ಅಧ್ಯಾಯಕ್ಕಿಂತ ಚೆನ್ನಾಗಿ ಅಲ್ಲಿ ಕಾಣಬಹುದು. ಪುಟ್ಟಣ್ಣ ಕಣಗಾಲರ ಚಿತ್ರ ನೋಡಿದ್ದರೂ ಪುಸ್ತಕ ಓದಿ.

ಎಂ.ಎ. ಆದ ಮೇಲಿನ ತರಬೇತಿಯೇ ನಿಜವಾದ ಒರೆಗಲ್ಲು. 1955ರಲ್ಲಿ ಬೆಂಗಳೂರಿನ ಸಂಸ್ಥೆಯಲ್ಲಿ ಡಿಪ್ಲೊಮಾ ಆಗಿ ಶುರುವಾದದ್ದು ಮುಂದೆ ಎಂ.ಫಿಲ್. ಎನಿಸಿಕೊಂಡು ದಶಕಗಳ ಕಾಲ ಇದೇ ಹೆಸರಿನಲ್ಲಿ ನಡೆಯಿತು. ಎರಡು ವರ್ಷ, ಪೂರ್ಣಾವಧಿ, ಆಸ್ಪತ್ರೆಯ ಒಳಗೇ. ಎಂ.ಎ.ಯಲ್ಲಿ ಶೇಕಡಾ 55 ಅಂಕ, ಪ್ರವೇಶ ಪರೀಕ್ಷೆ, ಸಂದರ್ಶನ ಇವೆಲ್ಲ ದಾಟಿ ಬರಬೇಕು. ಸೀಟುಗಳು ಕಡಿಮೆ, ಅರ್ಜಿಗಳು ಬಹಳ. ಮೊದಲ ವರ್ಷ ಮನೋವ್ಯಾಧಿಗಳ ಹಿನ್ನೆಲೆ, ಸಂಶೋಧನಾ ವಿಧಾನ, ಮನೋವೈದ್ಯಶಾಸ್ತ್ರ ಮತ್ತು ಪರೀಕ್ಷೆಗಳ ಬಳಕೆ. ಎರಡನೆಯ ವರ್ಷ ಮಿದುಳಿನ ವಿಷಯ, ಚಿಕಿತ್ಸಾ ವಿಧಾನಗಳು, ದೇಹದ ಕಾಯಿಲೆಗಳಲ್ಲಿ ಮನಸ್ಸಿನ ಪಾತ್ರ, ಜೊತೆಗೆ ಒಂದು ಪ್ರಬಂಧ. ಪ್ರತಿ ವರ್ಷ ಐದೈದು ರೋಗಿಗಳ ಪೂರ್ಣ ದಾಖಲೆ ಬರೆದು ಒಪ್ಪಿಸಬೇಕು. ಮೊದಲ ವರ್ಷ ಪರೀಕ್ಷೆ ಮಾಡಿದವರದು, ಎರಡನೆಯ ವರ್ಷ ಚಿಕಿತ್ಸೆ ನೀಡಿದವರದು.

ಹೇಳುವಾಗ ಐದು ಎಂದರೆ ಸಣ್ಣದು. ಒಬ್ಬ ರೋಗಿಯ ಪೂರ್ವವೃತ್ತಾಂತ ಬರೆಯುವುದೆಂದರೆ ಹುಟ್ಟಿದ ದಿನದಿಂದ ನಿನ್ನೆ ರಾತ್ರಿಯವರೆಗೆ ಕೇಳಿಕೊಂಡು ಬರುವುದು. ರೋಗಿ ಒಂದು ಹೇಳುತ್ತಾನೆ, ಜೊತೆಗೆ ಬಂದ ಅಣ್ಣ ಇನ್ನೊಂದು ಹೇಳುತ್ತಾನೆ. ಮರುದಿನ ಅತ್ತಿಗೆ ಬಂದಾಗ ಇಬ್ಬರೂ ಬಿಟ್ಟ ಸಂಗತಿ ಹೊರಗೆ ಬೀಳುತ್ತದೆ. ಆಮೇಲೆ ಮನಃಸ್ಥಿತಿಯ ತಪಾಸಣೆ. ಉಡುಪು ಹೇಗಿದೆ, ಕಣ್ಣು ಕೊಟ್ಟು ಮಾತಾಡುತ್ತಾನೆಯೇ, ಮಾತಿಗೆ ಮಾತು ಜೋಡುತ್ತದೆಯೇ, ಇಲ್ಲದ ದನಿ ಕೇಳುತ್ತದೆಯೇ, ನೂರರಿಂದ ಏಳೇಳು ಕಳೆಯುತ್ತ ಬರಬಲ್ಲನೇ, ತನಗೆ ಕಾಯಿಲೆಯಿದೆ ಎಂಬ ಅರಿವಿದೆಯೇ? ಇಷ್ಟನ್ನೂ ಸರದಿಯಲ್ಲಿ ಬರೆದು ಹಿರಿಯರ ಮುಂದೆ ಇಟ್ಟಾಗ, "ನಿದ್ದೆ ಯಾವಾಗಿನಿಂದ ಕೆಟ್ಟಿತು?" ಎಂಬ ಒಂದೇ ಪ್ರಶ್ನೆಯಲ್ಲಿ ಇಡೀ ಕಟ್ಟಡ ಅಲುಗಾಡಬಹುದು. ಮತ್ತೆ ವಾರ್ಡಿಗೆ ಹೋಗಬೇಕು.

ಇವೆಲ್ಲದರಲ್ಲಿ ಕಷ್ಟದ ಪಾಠವೆಂದರೆ ಸಾವಿನ ಬಗ್ಗೆ ಕೇಳುವುದು. ಶುಭ ನುಡಿಯಬೇಕು ಎಂದು ಕಲಿಸಿದ ಮನೆಯಿಂದ ಬಂದ ಇಪ್ಪತ್ತಮೂರರ ಹುಡುಗಿ, ತನ್ನ ತಂದೆಯ ವಯಸ್ಸಿನವರನ್ನು "ಬದುಕಿ ಏನು ಪ್ರಯೋಜನ ಅನ್ನಿಸುತ್ತದೆಯೇ? ಸಾಯುವ ಯೋಚನೆ ಬರುತ್ತದೆಯೇ?" ಎಂದು ನೇರವಾಗಿ ಕೇಳಬೇಕು. ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುವುದಿಲ್ಲವೇ ಎಂಬ ಅಂಜಿಕೆ ಎಲ್ಲರಿಗೂ ಇರುತ್ತದೆ. ಹಾಗಾಗುವುದಿಲ್ಲವೆಂದು ಸಂಶೋಧನೆಗಳು ತೋರಿಸಿವೆ. ಕೇಳಿದಾಗ ಎಷ್ಟೋ ಜನ ಹಗುರಾಗುತ್ತಾರೆ, ಕೊನೆಗೂ ಒಬ್ಬರು ಕೇಳಿದರಲ್ಲ ಎಂದು. ಉತ್ತರ ಹೌದೆಂದಾದರೆ ಅವರನ್ನು ಒಂಟಿಯಾಗಿ ಬಿಡದಿರುವುದು, ಮನೆಯವರಿಗೆ ತಿಳಿಸುವುದು, ಮನೋವೈದ್ಯರನ್ನು ಕರೆಯುವುದು ಎಂದು ಒಂದೊಂದೇ ಹೆಜ್ಜೆಯನ್ನು ಹಿರಿಯರ ಕಣ್ಣೆದುರೇ ಕಲಿಯಬೇಕು. ಪುಸ್ತಕ ಓದಿ, ಬೋರ್ಡು ಹಾಕಿ ಕುಳಿತವರಿಗೆ ಈ ಭಾಗ ದಕ್ಕಿರುವುದಿಲ್ಲ. ಕಾವಲು ಬೇಕೆಂದು ನಾನು ಹಟ ಹಿಡಿಯುವುದು ಇದಕ್ಕಾಗಿ. (ನಿಮಗೆ ಅಥವಾ ನಿಮ್ಮ ಸ್ನೇಹಿತರಿಗೆ ಇಂಥ ಹೊತ್ತು ಬಂದರೆ, 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ-ಮಾನಸ್‌ನ 14416ಕ್ಕೆ ಫೋನ್ ಮಾಡಬಹುದು. ಅದಕ್ಕೆ ದುಡ್ಡಿಲ್ಲ.)

ಈಗ ಸ್ವಲ್ಪ ಎಚ್ಚರಿಕೆಯ ಮಾತು. ಈ ಕೆಲವು ವರ್ಷಗಳಲ್ಲಿ ನಿಯಮಗಳು ಬಹಳ ಬದಲಾಗಿವೆ, ನಿಮ್ಮ ಅಣ್ಣ ಅಕ್ಕಂದಿರು ಹೇಳಿದ ದಾರಿ ನಿಮಗೆ ತೆರೆದಿರದೆ ಇರಬಹುದು. 2022ರ ಯು.ಜಿ.ಸಿ. ನಿಯಮದಲ್ಲಿ ಎಂ.ಫಿಲ್. ಪದವಿಯನ್ನೇ ರದ್ದು ಮಾಡಲಾಯಿತು. ಆದರೆ ಕ್ಲಿನಿಕಲ್ ಸೈಕಾಲಜಿಗೆ 2025-26ರ ಸಾಲಿನವರೆಗೆ ಅವಕಾಶ ಕೊಡುವುದಾಗಿ 2024ರ ಆರಂಭದಲ್ಲಿ ಪ್ರಕಟಿಸಿದರು. ಆರ್.ಸಿ.ಐ. ಕ್ಲಿನಿಕಲ್ ಸೈಕಾಲಜಿಯಲ್ಲಿ ನಾಲ್ಕು ವರ್ಷದ ಬಿ.ಎಸ್ಸಿ. ಆನರ್ಸ್, ಎಂ.ಎ., ಸೈ.ಡಿ. ಎಂಬ ಬೇರೆ ಮೆಟ್ಟಿಲುಗಳನ್ನು ಮುಂದಿಟ್ಟಿದೆ. ಇತರ ಸೈಕಾಲಜಿಸ್ಟರನ್ನು 2021ರ ಅಲೈಡ್ ಹೆಲ್ತ್‌ಕೇರ್ ಕಾಯಿದೆಯೊಳಗೆ ತಂದಿದ್ದಾರೆ. ಕೆಲಸ ಮಾಡುತ್ತಲೇ ಅಂಚೆಯಲ್ಲಿ ಎಂ.ಎ. ಮುಗಿಸುವ ಯೋಚನೆಯಿದ್ದರೆ ಅದನ್ನು ಬಿಡಿ. ದೂರಶಿಕ್ಷಣದಲ್ಲಿ ಮತ್ತು ಆನ್‌ಲೈನ್‌ನಲ್ಲಿ ಸೈಕಾಲಜಿಗೆ ಹೊಸ ಪ್ರವೇಶವನ್ನು 2025ರ ಜುಲೈ-ಆಗಸ್ಟ್ ಸಾಲಿನಿಂದ ನಿಲ್ಲಿಸಬೇಕೆಂದು ಯು.ಜಿ.ಸಿ. ಹೇಳಿತು. ಆದ್ದರಿಂದ ಯಾವ ಕಾಲೇಜಿಗೆ ದುಡ್ಡು ಕಟ್ಟುವ ಮೊದಲೂ ಆ ಕಾಲೇಜು, ಆ ಕೋರ್ಸು, ಆ ವರ್ಷ ಮೂರೂ ಆರ್.ಸಿ.ಐ. ಪಟ್ಟಿಯಲ್ಲಿವೆಯೇ ಎಂದು ನೀವೇ ನೋಡಿ. "ಅನುಮತಿ ಬರುವುದರಲ್ಲಿದೆ" ಎಂಬ ಮಾತಿಗೆ ಸೊಪ್ಪು ಹಾಕಬೇಡಿ. ಸರ್ಕಾರಿ ಸಂಸ್ಥೆಗಳಲ್ಲಿ ಖರ್ಚು ಕಡಿಮೆ, ಕೆಲವೆಡೆ ಸ್ಟೈಪೆಂಡ್ ಕೂಡ ಉಂಟು. ಖಾಸಗಿಯಲ್ಲಿ ಲಕ್ಷಗಳ ಲೆಕ್ಕ.

ಇನ್ನು ಕನ್ನಡ. ಇಂಗ್ಲಿಷಿನಲ್ಲೇ ಓದಿ ಬೆಳೆದ ನಿಮಗೆ ಇದರಿಂದೇನು ಉಪಯೋಗ ಎನ್ನಿಸಬಹುದು. ಪಾಠ, ಪರೀಕ್ಷೆ ಎಲ್ಲ ಇಂಗ್ಲಿಷಿನಲ್ಲಿ ನಡೆಯುವುದು ನಿಜ. ಆದರೆ ಎದುರಿಗೆ ಕೂತ ಮನುಷ್ಯ ಇಂಗ್ಲಿಷಿನಲ್ಲಿ ಅಳುವುದಿಲ್ಲ. ಮುಂಬಯಿಯ ಯಾವುದೇ ದೊಡ್ಡ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಒಂದು ಬೆಳಿಗ್ಗೆ ಕೂತರೆ ಉಡುಪಿ ಕಡೆಯಿಂದ ಬಂದ ಹೋಟೆಲ್ ಕೆಲಸಗಾರರೂ ಸಿಗುತ್ತಾರೆ, ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರೂ ಸಿಗುತ್ತಾರೆ. "ತಲೆ ಭಾರ", "ಎದೆ ಢವಢವ", "ಹೊಟ್ಟೆಯಲ್ಲಿ ಸಂಕಟ", "ನರ ಸೆಳೆತ" ಎಂದೇ ಅವರು ಹೇಳುವುದು. 'ಖಿನ್ನತೆ' ಎಂಬ ಶಬ್ದ ಅವರ ಬಾಯಲ್ಲಿ ಬರುವುದಿಲ್ಲ, ಪ್ರಶ್ನಾವಳಿಯ ಅನುವಾದದಲ್ಲಿ ಮಾತ್ರ ಇರುತ್ತದೆ. ಅವರು ಹೇಳುವುದು 'ಬೇಜಾರು', ಧಾರವಾಡದಾಚೆ 'ಬ್ಯಾಸರ'. ಈ ಒಂದು ಶಬ್ದವನ್ನು ನೋಡಿ: ಹೊತ್ತು ಹೋಗದಿದ್ದರೂ ಬೇಜಾರು, ತಂಗಿ ಮಾತಾಡಿಸದಿದ್ದರೂ ಬೇಜಾರು, ಮಗ ತೀರಿಕೊಂಡರೂ ಬೇಜಾರು, ಜೀವವೇ ಬೇಡವಾದರೂ ಬೇಜಾರು. ಇವುಗಳಲ್ಲಿ ಯಾವುದು ಎಂಬುದನ್ನು ದನಿಯಿಂದ ಹಿಡಿಯಬಲ್ಲವರು ಆ ಮಾತನ್ನು ಅಡಿಗೆಮನೆಯಲ್ಲಿ ಕೇಳಿ ಬೆಳೆದವರು. ದುಭಾಷಿ ಅದನ್ನು 'ಬೋರ್' ಎಂದು ಹೇಳಿಬಿಟ್ಟರೆ ಕೆಲಸ ಕೆಟ್ಟಿತು.

ಗಾದೆಯ ಪರೀಕ್ಷೆ ಎಂದೊಂದಿದೆ. ರೋಗಿ ಅಮೂರ್ತವಾಗಿ ಯೋಚಿಸಬಲ್ಲನೇ ಎಂದು ತಿಳಿಯಲು ಗಾದೆಯೊಂದನ್ನು ಹೇಳಿ ಅರ್ಥ ಕೇಳುತ್ತಾರೆ. "ಕೈ ಕೆಸರಾದರೆ ಬಾಯಿ ಮೊಸರು" ಎಂದರೆ ಏನು ಎಂದಾಗ, "ಕೈಗೆ ಕೆಸರಾಗಿದೆ, ತೊಳೆದುಕೊಂಡು ಮೊಸರು ತಿನ್ನಬೇಕು" ಎಂದು ಒಬ್ಬರು ಹೇಳಿದರೆ ಅದೊಂದು ಸುಳಿವು. ಆದರೆ ಕೇಳುವವರಿಗೇ ಗಾದೆಯ ಅರ್ಥ ಗೊತ್ತಿಲ್ಲದಿದ್ದರೆ ಯಾರು ಯಾರನ್ನು ಪರೀಕ್ಷಿಸಿದಂತಾಯಿತು? ಊರಿಗೆ ಹೋದಾಗ ಅಜ್ಜಿಯಿಂದ ಇಪ್ಪತ್ತು ಗಾದೆ ಬರೆದುಕೊಂಡು ಬನ್ನಿ. ಅಜ್ಜಿಗೂ ಖುಷಿ, ನಿಮಗೆ ಸಲಕರಣೆ.

ನಿಮ್ಹಾನ್ಸ್‌ನಲ್ಲಾಗಲಿ ಧಾರವಾಡದ ಡಿಮ್ಹಾನ್ಸ್‌ನಲ್ಲಾಗಲಿ ತರಬೇತಿಗೆ ಹೋಗುವ ಆಸೆಯಿದ್ದರೆ ಮಾತಾಡುವ ಕನ್ನಡದಷ್ಟೇ ಓದುವ ಕನ್ನಡವೂ ಬೇಕು. ಹಳ್ಳಿಯಿಂದ ಬಂದವರ ಹಳೆಯ ಚೀಟಿಗಳು, ರೋಗಿ ಬರೆದಿಟ್ಟ ಕಾಗದಗಳು, ಒಪ್ಪಿಗೆ ಪತ್ರ ಇವೆಲ್ಲ ಕನ್ನಡ ಲಿಪಿಯಲ್ಲಿರಬಹುದು. ಮನೆಯಲ್ಲಿ ಕನ್ನಡ ಮಾತಾಡಿಯೂ ಅಕ್ಷರ ಬಾರದವರು ನಮ್ಮಲ್ಲಿ ಎಷ್ಟೋ ಮಂದಿ. ಬಿ.ಎ. ಮುಗಿದು ಎಂ.ಎ. ಶುರುವಾಗುವ ನಡುವೆ ಎರಡು ತಿಂಗಳ ಬಿಡುವಿರುತ್ತದೆ. ಮರಾಠಿ ಅಥವಾ ಹಿಂದಿ ಲಿಪಿ ಬಲ್ಲವರಿಗೆ ಅಕ್ಷರಗಳ ಸರದಿ ಆಗಲೇ ಗೊತ್ತು, ಆಕಾರವಷ್ಟೇ ಹೊಸದು. ಸಂಘದಲ್ಲಿ ಕನ್ನಡ ತರಗತಿ ನಡೆಯುತ್ತಿದ್ದರೆ ಸೇರಿಕೊಳ್ಳಿ. ಚಿಕ್ಕ ಮಕ್ಕಳ ಪಕ್ಕ ಕೂತು ಕಾಗುಣಿತ ತಿದ್ದುವುದಕ್ಕೆ ನಾಚಿಕೆಯಾದರೆ, ಮನೆಯಲ್ಲೇ ಅಪ್ಪನನ್ನು ಹಿಡಿದು ದಿನಕ್ಕೊಂದು ಪುಟ ಓದಿ.